ಕೈಗವಸಿನ ಷರತ್ತು

ಮಾರ್ಚ್ 4, ಸೋಮವಾರ

ಈ ಡೈರಿಯನ್ನು ದುಡ್ಡು ಕೊಟ್ಟು ಕೊಂಡಿದ್ದೇನೆ ಎಂದು ಮೊದಲೇ ಬರೆದಿಡುತ್ತೇನೆ. ಔಷಧ ಕಂಪನಿಗಳು ವರ್ಷವರ್ಷವೂ ನಮ್ಮ ಆಸ್ಪತ್ರೆಗೆ ರಾಶಿಗಟ್ಟಲೆ ಡೈರಿ ತಂದು ಸುರಿಯುತ್ತವೆ. ಆದರೆ ಖರೀದಿ ವಿಭಾಗದಲ್ಲಿ ಕೂತವಳು ಅವರ ಪೆನ್ನಿನ ಮುಚ್ಚಳವನ್ನೂ ಮುಟ್ಟುವಂತಿಲ್ಲ. ಇದು ನನ್ನ ಸ್ವಂತದ್ದು, ಯಾರ ಹಂಗೂ ಇಲ್ಲ.

ಎರಡು ತಿಂಗಳಿಂದ ಖಾಲಿ ಬಿದ್ದಿದ್ದ ಡೈರಿಯ ಮುಂದೆ ಇವತ್ತು ನನ್ನನ್ನು ಕೂರಿಸಿದ್ದು ಇವರ ಮೀಸೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟ ಮೇಲೆ, ಇಪ್ಪತ್ತೇಳು ವರ್ಷ ಸಾಕಿದ ಮೀಸೆಯನ್ನು ಹೇಳದೆ ಕೇಳದೆ ಬೋಳಿಸಿಕೊಂಡಿದ್ದಾರೆ. ಸಂಜೆ ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಗಂಡಸು ತಿರುಗಿ ಹಲ್ಲು ಕಿರಿದ. ವಯಸ್ಸಾದರೂ ಬುದ್ಧಿ ಬಂದಿಲ್ಲವಲ್ಲ ಇವನಿಗೆ ಎಂದು ಮುಖ ಗಂಟಿಕ್ಕಿಕೊಂಡು, ಕೈಚೀಲ ಎದೆಗವಚಿಕೊಂಡು ಪಕ್ಕದ ಸಾಲಿಗೆ ಹೋಗಿ ನಿಂತೆ. "ಏನೇ, ನಾನು ಕಣೇ!" ಎಂದಾಗಲೇ ಗೊತ್ತಾದದ್ದು.

"ಹೆಂಡ್ತಿಗೇ ಗುರುತು ಸಿಗ್ಲಿಲ್ಲ ಅಂದ್ಮೇಲೆ ಇನ್ನು ಪೊಲೀಸರಿಗೆ ಎಲ್ಲಿ ಸಿಗುತ್ತೆ? ನಾಳೆನೇ ಬ್ಯಾಂಕಿಗೆ ನುಗ್ತೀನಿ" ಎಂದು ಮನೆ ಮುಟ್ಟುವವರೆಗೂ ನಕ್ಕರು.

ನಾನೇನು ಮಾಡಲಿ? ಇವರದು ಫೋಟೊ ಸ್ಟುಡಿಯೊ, ದಿನವಿಡೀ ಮುಖ ನೋಡುವ ಕೆಲಸ. ನನ್ನದು ಕಾಗದ ನೋಡುವ ಕೆಲಸ. ನನ್ನ ಕೌಂಟರಿಗೆ ಮಂಜುಗಾಜು ಹಾಕಿದ್ದಾರೆ, ಕೆಳಗೆ ಅರ್ಧಚಂದ್ರದಂಥ ಕಿಂಡಿ. ಅದರೊಳಗಿಂದ ಕಾಗದ ಹಿಡಿದ ಕೈ ಬರುತ್ತದೆ, ಮುದ್ರೆ ಹಾಕಿ ಕಳಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಕೈ ನೋಡಿ, ಸಹಿ ನೋಡಿ ಯಾರೆಂದು ಥಟ್ಟನೆ ಹೇಳಬಲ್ಲೆ. ಸರ್ಕಾರಿ ಕೆಲಸಕ್ಕೆ ಅಷ್ಟು ಸಾಕು.

ಮಾರ್ಚ್ 6, ಬುಧವಾರ

ಹಾಜರಿ ಯಂತ್ರ ಇವತ್ತೂ ನನ್ನನ್ನು ಹೆಸರು ಹಿಡಿದು ಸ್ವಾಗತಿಸಿತು. ಮನೆಯಲ್ಲಿ ಯಾರೂ ಇಷ್ಟು ಮರ್ಯಾದೆಯಿಂದ ನನ್ನನ್ನು ಕರೆದಿಲ್ಲ.

ಸಿಬ್ಬಂದಿ ಒಳಬರುವ ಹಜಾರದಲ್ಲಿ, ಆಸ್ಪತ್ರೆ ಕಟ್ಟಿಸಿದ ಪುಣ್ಯಾತ್ಮರ ಅಮೃತಶಿಲೆಯ ತಲೆಯ ಎದುರಿಗೆ ಅದನ್ನು ನಿಲ್ಲಿಸಿದ್ದಾರೆ. ಮುಂದೆ ಹೋಗಿ ನಿಂತರೆ ಮುಖ ಗುರುತಿಸಿ, ಹಸಿರು ದೀಪ ಹತ್ತಿಸಿ, ಹಾಜರಿ ಹಾಕಿಕೊಳ್ಳುತ್ತದೆ. ಅದರ ಕಡತ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ನನ್ನ ಕೈಬರಹ. ಟೆಂಡರ್ ಕರೆದದ್ದು ನಾನು, ಪ್ರಾತ್ಯಕ್ಷಿಕೆ ಏರ್ಪಡಿಸಿದ್ದೂ ನಾನು. ಸಭಾಕೊಠಡಿಯಲ್ಲಿ ಸಮಿತಿಯ ಐವರು, ಟಿಪ್ಪಣಿ ಬರೆಯಲು ಆರನೆಯವಳಾಗಿ ನಾನು. ಆರಕ್ಕೆ ಆರೂ ಮುಖ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದಿತ್ತು. ಫೆಬ್ರವರಿ ಒಂದರಿಂದ ಹಳೆಯ ಹಾಜರಿ ಪುಸ್ತಕ ಬಂದ್.

ಎರಡು ತಿಂಗಳ ಪ್ರಾಯೋಗಿಕ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರಲ್ಲಿ ನಾನು 'ತೃಪ್ತಿಕರ' ಎಂದು ಪ್ರಮಾಣಪತ್ರ ಬರೆದುಕೊಟ್ಟರೆ ಯಂತ್ರ ಕಾಯಂ ಆಗಿ ನಮ್ಮದು. ಆಡಳಿತಾಧಿಕಾರಿಗಳು, ಅಂದರೆ ನಾವೆಲ್ಲ ದೊಡ್ಡ ಸಾಹೇಬರು ಎನ್ನುವವರು, ಇವತ್ತು ಬಾಗಿಲಲ್ಲೇ ಹಿಡಿದರು. "ಷರತ್ತಮ್ಮಾ, ಈ ಸಲ ದಯವಿಟ್ಟು ಯಾವ ಷರತ್ತೂ ಹಾಕ್ಬೇಡಿ. ಮೇಲಿನೋರು ಕಾಯ್ತಾ ಇದ್ದಾರೆ."

ಷರತ್ತಮ್ಮ ಎಂದರೆ ನಾನೇ. ಕಚೇರಿಯವರು ಇಟ್ಟ ಹೆಸರು. ಒಂದು ಡಜನ್ ಪೆನ್ಸಿಲ್ ಕೊಳ್ಳುವುದಕ್ಕೂ ನಾಲ್ಕು ಷರತ್ತು ಬರೆಯುತ್ತೇನಂತೆ. ನಾಲ್ಕಲ್ಲ, ಮೂರು.

ಮಾರ್ಚ್ 8, ಶುಕ್ರವಾರ

ಇವತ್ತೊಂದು ನಾಚಿಕೆಗೇಡು ನಡೆಯಿತು.

ಮಧ್ಯಾಹ್ನ ಒಬ್ಬ ಹೆಂಗಸು ಕಿಂಡಿಯ ಬಳಿ ಬರದೆ ಸೀದಾ ಬಾಗಿಲಿನಿಂದ ಒಳಗೆ ಬಂದಳು. "ಯಾರಮ್ಮಾ ನೀವು?" ಎಂದೆ.

"ನಾನು ಮೇಡಂ."

"ನಾನು ಅಂದ್ರೆ ಯಾರು?"

ಅವಳು ಹೊರಗೆ ಹೋಗಿ, ಕೌಂಟರಿನ ಆಚೆ ನಿಂತು, ತೋಳು ಮಡಚಿ ಕಿಂಡಿಯೊಳಗೆ ಕೈ ತೂರಿಸಿದಳು. ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಸುಟ್ಟ ಕಲೆ.

"ಓ! ಇಸ್ತ್ರಿ ಅಕ್ಕ!"

ನಮ್ಮ ಲಾಂಡ್ರಿಯ ಇಸ್ತ್ರಿ ಅಕ್ಕ. ಹದಿನಾಲ್ಕು ವರ್ಷದಿಂದ ವಾರಕ್ಕೆರಡು ಸಲ ಸೋಪಿನ ಪುಡಿಯ ಬೇಡಿಕೆ ಚೀಟಿ ತರುವವಳು. ಅವಳ ಸಹಿಯಲ್ಲಿ ಕೊನೆಯ ಅಕ್ಷರಕ್ಕೆ ಬಾಲ ಇದೆ, ಅದು ನನಗೆ ಗೊತ್ತು.

ಅವಳಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಕಿಂಡಿಯ ಆಚೆಯಿಂದ ಗಹಗಹಿಸಿ ನಕ್ಕಳು. "ಸರಿಹೋಯ್ತು ಬಿಡಿ! ಹಜಾರದಲ್ಲಿರೋ ಡಬ್ಬಾನೂ ದಿನಾ ಇದನ್ನೇ ಕೇಳುತ್ತೆ. ನಾಳೆಯಿಂದ ಅದಕ್ಕೂ ಕೈ ತೋರಿಸ್ತೀನಿ."

ಯಂತ್ರಕ್ಕೆ ಎಷ್ಟೋ ದಿನ ಅವಳು ಕಾಣುವುದೇ ಇಲ್ಲವಂತೆ. ಫೆಬ್ರವರಿಯಿಂದ ಈಚೆಗೆ ಒಂಬತ್ತು ದಿನ ಗೈರುಹಾಜರಿ ಬಿದ್ದಿದೆ. ಒಂದು ದಿನವೂ ಅವಳು ಕೆಲಸ ತಪ್ಪಿಸಿಲ್ಲ. ಆ ಒಂಬತ್ತು ದಿನವೂ ರೋಗಿಗಳು ಮಲಗಿದ್ದು ಅವಳು ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಯ ಮೇಲೆಯೇ. ಲಾಂಡ್ರಿಯ ಮೇಲ್ವಿಚಾರಕ ಮಾತ್ರ, "ಯಂತ್ರ ಹೇಳಿದ್ದೇ ಲೆಕ್ಕ, ನಾನೇನ್ ಮಾಡ್ಲಿ" ಎಂದು ಕೈ ಚೆಲ್ಲಿದ್ದಾನೆ.

ಅವಳ ಚಿಂತೆ ಸಂಬಳದ್ದಲ್ಲ. ಇಷ್ಟು ವರ್ಷ ಅವಳಂಥ ಗುತ್ತಿಗೆಯವರನ್ನು ಹನ್ನೊಂದು ತಿಂಗಳಿಗೆ ಬಿಡಿಸಿ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಹೋದ ವರ್ಷ ಅದು ನಿಂತಿತು. ಈಗ ಹನ್ನೆರಡು ತಿಂಗಳ ಮುರಿಯದ ಹಾಜರಿ ಇದ್ದವರು ಕಾಯಂ ಆಗುತ್ತಾರೆ. ಪಟ್ಟಿ ಹೋಗುವುದು ಮಾರ್ಚ್ ಮೂವತ್ತಕ್ಕೆ. ಒಂಬತ್ತು ಗೈರುಹಾಜರಿ ಇದ್ದರೆ ಅವಳು ಪಟ್ಟಿಯಲ್ಲಿಲ್ಲ.

"ಮುಖ ನೇರವಾಗಿ ಹಿಡ್ಕೊಂಡು ನಿಂತ್ಕೋತೀರಾ?" ಎಂದು ಕೇಳಿದೆ. ಕೇಳಿದ ಮೇಲೆ ಅದು ನನಗೇ ಕೆಟ್ಟದಾಗಿ ಕೇಳಿಸಿತು.

ಮಾರ್ಚ್ 9, ಶನಿವಾರ

ಏಳು ಗಂಟೆಗೇ ಹೋಗಿ ಹಜಾರದಲ್ಲಿ ನಿಂತೆ. ಅಲ್ಲಿ ನಡೆಯುವುದನ್ನು ನೋಡಿದರೆ ಹತ್ತು ಗಂಟೆಗೆ ಬರುವ ನಮಗೆ ಏನೂ ಗೊತ್ತಿಲ್ಲ.

ಬೆಳಗಿನ ಪಾಳಿಯವರು, ಅಂದರೆ ಲಾಂಡ್ರಿ, ಅಡುಗೆಮನೆ, ಸ್ವಚ್ಛತೆ, ಬಾಗಿಲಿನಿಂದ ಬೀದಿಯವರೆಗೂ ಸಾಲು ನಿಂತಿದ್ದಾರೆ. ಇವರಲ್ಲಿ ಹೆಚ್ಚಿನವರ ಅಜ್ಜ ಅಜ್ಜಿಯರು ಬಂದರಿನ ಕೆಲಸಕ್ಕೆಂದು ಹಡಗು ಹತ್ತಿ ಬಂದವರು, ಕಡುಕಪ್ಪು ಬಣ್ಣದವರು. ಒಬ್ಬ ಮೊಬೈಲಿನ ಟಾರ್ಚು ಹತ್ತಿಸಿ ತನ್ನ ಗಲ್ಲಕ್ಕೆ ಹಿಡಿದುಕೊಂಡಿದ್ದ. ಇನ್ನೊಬ್ಬಳು ಮುಖಕ್ಕೆ ಪೌಡರ್ ಬಳಿದುಕೊಂಡು ಬಂದಿದ್ದಳು. ಕಾವಲುಗಾರ ಗುಡ್ಡದ ಕಡೆಯವನು, ಕಿರಿದಾದ ಕಣ್ಣು. ಯಂತ್ರ ಅವನಿಗೆ "ದಯವಿಟ್ಟು ಕಣ್ಣು ತೆರೆಯಿರಿ" ಎನ್ನುತ್ತದೆ. "ತೆರೆದೇ ಇದೆ ಮಾರಾಯ್ತಿ" ಎಂದು ಅವನು ಅದಕ್ಕೆ ಕೈ ಮುಗಿಯುತ್ತಾನೆ. ಸಾಲೆಲ್ಲ ನಗುತ್ತದೆ. ದಿನವೂ ನಗುತ್ತಾರಂತೆ, ಬೇರೇನು ಮಾಡುವುದು.

ಇಸ್ತ್ರಿ ಅಕ್ಕನ ಸರದಿ ಬಂತು. ಮೂರು ಸಲ ಕೆಂಪು ದೀಪ. ನಾಲ್ಕನೆಯ ಸಲ ಹಸಿರು ಹತ್ತಿತು, ಆದರೆ ಯಂತ್ರ ಸ್ವಾಗತಿಸಿದ್ದು ಸೋಪು ತಂಗಿಯನ್ನು! ಸೋಪು ತಂಗಿ ಎಂದರೆ ಒಗೆಯುವ ವಿಭಾಗದ ಹುಡುಗಿ. ಕಡತದ ಪ್ರಕಾರ ಅಕ್ಕನಿಗೆ ಐವತ್ತೆರಡು, ತಂಗಿಗೆ ಇಪ್ಪತ್ತಾರು. ಇಬ್ಬರಲ್ಲೂ ಒಂದೇ ಆಗಿರುವುದು ಬಣ್ಣ ಮಾತ್ರ. "ನೋಡಿ ಮೇಡಂ, ನಾನು ರಜೆ ಹಾಕಿದ್ರೂ ನಂಗೆ ಹಾಜರಿ ಬೀಳುತ್ತೆ, ಅಕ್ಕ ಬಂದ್ರೂ ಗೈರು" ಎಂದು ತಂಗಿ ಅಕ್ಕನ ಹೆಗಲಿಗೆ ತಲೆ ಆನಿಸಿದಳು.

ಆಮೇಲೆ ನಾನು ಹೋಗಿ ನಿಂತೆ. ತಕ್ಷಣ ಸ್ವಾಗತ. ಸಾಲಿನ ಕಡೆ ತಿರುಗಿ ನೋಡಲಾಗಲಿಲ್ಲ.

ಮಾರ್ಚ್ 11, ಸೋಮವಾರ

ಕಂಪನಿಯವನನ್ನು ಕರೆಸಿದೆ. ಮೊನಚು ಮೂತಿಯ ಮಿರಿಮಿರಿ ಬೂಟು.

"ಮೇಡಂ, ನಮ್ಮದು ಶೇಕಡಾ ತೊಂಬತ್ತೊಂಬತ್ತು ನಿಖರ. ನಿಮ್ಮ ಟೆಂಡರಲ್ಲೇ ಅದೇ ಅಂಕಿ ಇದೆಯಲ್ಲ."

"ತೊಂಬತ್ತೊಂಬತ್ತು ಅಂದ್ರೆ ಯಾರ ಮುಖದ ಮೇಲೆ?"

"ಮುಖದ ಮೇಲೆ, ಮೇಡಂ. ಸಾಮಾನ್ಯ ಮುಖ."

ಸಾಮಾನ್ಯ ಮುಖ ಎಂದರೇನೆಂದು ಬರೆದುಕೊಡಿ ಎಂದೆ. ಬೆಳಕಿನ ದೋಷ ಇರಬಹುದು, ಜನಕ್ಕೆ ಸರಿಯಾಗಿ ನಿಲ್ಲಲು ಕಲಿಸಬೇಕು, ಯಂತ್ರ ತಾನಾಗಿಯೇ ಕಲಿಯುತ್ತದೆ, ಸ್ವಲ್ಪ ಕಾಲ ಕೊಡಿ ಎಂದ. "ಕಲ್ತೇ ಬರ್ಲಿ. ಕಲಿಯೋವರೆಗೆ ಜನರ ಹಾಜರಿ ತಿನ್ನೋದು ಬೇಡ" ಎಂದೆ. ಅವನು ಹೋದ ಮೇಲೆ ಟೆಂಡರ್ ತೆಗೆದು ನೋಡಿದೆ. ಆ ಅಂಕಿ ಅಲ್ಲಿದೆ, ನಾನೇ ಬರೆದದ್ದು. ಎಲ್ಲಿಂದ ಇಳಿಸಿದ್ದೆ ಎಂದು ಹುಡುಕಿದರೆ ಅವನದೇ ಕಂಪನಿಯ ಕರಪತ್ರದಿಂದ.

ಮಾರ್ಚ್ 12, ಮಂಗಳವಾರ

ಊಟಕ್ಕೆ ಕೂತಾಗ ಇವರಿಗೆ ಎಲ್ಲ ಹೇಳಿದೆ. ಇವರಿಗೆ ಆಶ್ಚರ್ಯವೇ ಆಗಲಿಲ್ಲ.

"ನಾನು ಕೆಲ್ಸ ಕಲಿಯೋವಾಗ, ಫಿಲಂ ತೊಳೆಯೋ ಲ್ಯಾಬಿನಲ್ಲಿ ಬಣ್ಣ ಹೊಂದಿಸೋಕೆ ಅಂತ ಒಂದು ಫೋಟೊ ಇಟ್ಟಿರೋರು. ಒಬ್ಬಳು ಬೆಳ್ಳನೆ ಹೆಂಗಸು. ಅವಳು ಚೆನ್ನಾಗಿ ಬಂದ್ರೆ ಎಲ್ಲಾ ಸರಿ ಅಂತ ಲೆಕ್ಕ. ಕಪ್ಪಗಿರೋರ ಫೋಟೊದಲ್ಲಿ ಬರೀ ಹಲ್ಲು, ಕಾಲರು ಕಾಣ್ಸೋದು. ನಮ್ಮ ಗುರುಗಳು 'ಅವ್ರ ಬಣ್ಣಾನೇ ಹಂಗೆ' ಅನ್ನೋರು. ಬಣ್ಣ ಏನೂ ಮಾಡಿರ್ಲಿಲ್ಲ ಕಣೇ, ದೀಪ ಇಡೋಕೆ ನಮಗೆ ಬರ್ತಿರ್ಲಿಲ್ಲ."

"ಯಂತ್ರಕ್ಕೂ ಹಾಗೇನಾ?"

"ಅದಕ್ಕೆ ಯಾರನ್ನ ತೋರಿಸಿ ಕಲಿಸಿದ್ರೋ ಅವರನ್ನೇ ಗುರುತು ಹಿಡಿಯುತ್ತೆ. ನಿನಗೆ ಮೀಸೆ ತೋರಿಸಿ ಕಲಿಸಿದ್ದೆ, ಮೀಸೆ ಹೋದ್ರೆ ನಾನೇ ಹೋದೆ."

ಕೈಗೆ ಸಿಕ್ಕ ಬ್ರೆಡ್ಡಿನ ಚೂರು ಎಸೆದೆ. ಗುರಿ ತಪ್ಪಲಿಲ್ಲ.

ಮಾರ್ಚ್ 14, ಗುರುವಾರ

ಇದನ್ನು ಯಾರಿಗೂ ಹೇಳಿಲ್ಲ. ಡೈರಿಯಲ್ಲಾದರೂ ಇರಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಶುಚಿಗೊಳಿಸುವವರಿಗೆ ರಬ್ಬರ್ ಕೈಗವಸು ಕೊಳ್ಳಬೇಕಿತ್ತು. ಮಾದರಿ ಬಂತು. ನನ್ನ ಕೈಗೆ ಹಾಕಿ ನೋಡಿದೆ, ಹೊಲಿಸಿದ ಹಾಗೆ ಕೂತಿತು. 'ತೃಪ್ತಿಕರ' ಎಂದು ಬರೆದೆ. ನನ್ನ ಕೈ ಮಕ್ಕಳ ಕೈಯಷ್ಟೇ ಇದೆ ಎಂಬುದು ಆಗ ಹೊಳೆಯಲೇ ಇಲ್ಲ. ಲಾರಿ ತುಂಬ ಬಂದ ಕೈಗವಸು ಒಬ್ಬರಿಗೂ ಹಿಡಿಸಲಿಲ್ಲ. ಆ ವರ್ಷವೆಲ್ಲ ಅವರು ಬರಿಗೈಯಲ್ಲೇ ಆಸಿಡ್ ಮುಟ್ಟಿದರು.

ಆಗ ನಾನೇ ಬರೆದು, ಮೇಲಿನವರ ಕಾಲು ಹಿಡಿದು ನಮ್ಮ ಖರೀದಿ ಕೈಪಿಡಿಗೆ ಒಂದು ಷರತ್ತು ಸೇರಿಸಿದೆ. ನಲವತ್ತೊಂದನೆಯ ನಿಯಮ, ಉಪವಿಧಿ ಗ: 'ದೇಹದ ಅಳತೆಯನ್ನು ಆಧರಿಸಿ ಕೆಲಸ ಮಾಡುವ ಯಾವುದೇ ವಸ್ತುವನ್ನು, ಅದನ್ನು ದಿನನಿತ್ಯ ಬಳಸುವ ಎಲ್ಲ ಬಗೆಯವರ ಮೇಲೂ ಪರೀಕ್ಷಿಸದೆ ಸ್ವೀಕರಿಸತಕ್ಕದ್ದಲ್ಲ.' ಷರತ್ತಮ್ಮ ಎಂಬ ಹೆಸರು ಬಿದ್ದದ್ದೇ ಅಲ್ಲಿಂದ. ಎಲ್ಲರೂ ನನ್ನ ಜಾಗರೂಕತೆ ಎಂದುಕೊಂಡರು. ಅದು ನನ್ನ ತಪ್ಪಿನ ಗುರುತು.

ಇವತ್ತು ಕೈಪಿಡಿ ತೆಗೆದು ಅದನ್ನೇ ಮೂರು ಸಲ ಓದಿದೆ. ಸಭಾಕೊಠಡಿಯಲ್ಲಿ ನಾನು ಆರನೆಯವಳಾಗಿ ನಿಂತು ಉಬ್ಬಿಹೋದದ್ದು ನೆನಪಾಯಿತು. ಇಪ್ಪತ್ತೆರಡು ವರ್ಷವಾದ ಮೇಲೂ ನನ್ನ ಕೈಗೆ ಆದದ್ದು ಊರಿಗೆಲ್ಲ ಆದೀತು ಎಂದುಕೊಂಡೆನಲ್ಲ, ಎಂಥ ಪೆದ್ದಿ ನಾನು.

ಮಾರ್ಚ್ 15, ಶುಕ್ರವಾರ

"ಕೈಗವಸಿನ ನಿಯಮ ಕ್ಯಾಮೆರಾಗೆ ಹೇಗ್ರೀ ಬರುತ್ತೆ?" ದೊಡ್ಡ ಸಾಹೇಬರು.

"ಕೈಗವಸು ಅಂತ ಎಲ್ಲೂ ಬರ್ದಿಲ್ಲ ಸರ್. ದೇಹದ ಅಳತೆ ಅಂತಿದೆ. ಮುಖ ದೇಹ ಅಲ್ವಾ?"

"ಸಮಿತಿ ಪರೀಕ್ಷೆ ಮಾಡಿಯಾಗಿದೆ. ನೀವೇ ಇದ್ರಿ."

"ಅದೇ ಸರ್ ತಪ್ಪು. ಏಳು ಗಂಟೆ ಪಾಳಿಯವರು ಒಬ್ಬರೂ ಇರ್ಲಿಲ್ಲ."

ಇಷ್ಟು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅವರು ಕೈಬೀಸಿ ಕಳಿಸಿಬಿಟ್ಟರು.

ಮಾರ್ಚ್ 18, ಸೋಮವಾರ

ಪ್ರಮಾಣಪತ್ರ ಕೊಡದಿದ್ದರೆ ನನ್ನನ್ನು ಹಳೆ ಮಂಚಗಳ ಗೋದಾಮಿಗೆ ಹಾಕುತ್ತಾರಂತೆ. ಹಾಕಲಿ. ಊಟ ಸೇರಲಿಲ್ಲ.

ಮಾರ್ಚ್ 20, ಬುಧವಾರ

ಗೋದಾಮಿಗೆ ಹೋಗುವ ಮೊದಲು ಎರಡು ಪುಟದ ಟಿಪ್ಪಣಿ ಬರೆದು ಕಡತದಲ್ಲಿ ಹಾಕಿದೆ. ಕಡತಕ್ಕೆ ಹೋದ ಟಿಪ್ಪಣಿಯನ್ನು ಯಾರೂ ಕಿತ್ತು ಹಾಕುವಂತಿಲ್ಲ, ಲೆಕ್ಕಪರಿಶೋಧಕರು ಬಂದರೆ ಮೊದಲು ತೆರೆಯುವುದೇ ಅದನ್ನು. ದೊಡ್ಡ ಸಾಹೇಬರು ಓದಿ, ಉಸ್ಸಪ್ಪಾ ಎಂದು, ಅಂಚಿನಲ್ಲಿ ಬರೆದರು: 'ಶುಕ್ರವಾರ ಬೆಳಿಗ್ಗೆ ಒಂದು ಗಂಟೆ ಕಾಲ ಪರೀಕ್ಷಿಸಬಹುದು.'

ಲಾಂಡ್ರಿಗೆ ಓಡಿಹೋಗಿ ಹೇಳಿದೆ. ಹೌದು, ಓಡಿದೆ. ಹಬೆಯಲ್ಲಿ ಯಾರು ಯಾರೆಂದು ಕಾಣಲಿಲ್ಲ. ಯಾರೋ ಒದ್ದೆ ಕೈಯಿಂದ ನನ್ನ ಕೈ ಹಿಡಿದು ಕುಣಿಸಿದರು. ಹಬೆ ಸರಿದ ಮೇಲೆ ನೋಡಿದರೆ ಸೋಪು ತಂಗಿ. ನಕ್ಕರೆ ಅವಳ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ.

ಮಾರ್ಚ್ 21, ಗುರುವಾರ

ಪರೀಕ್ಷೆಯ ಪಟ್ಟಿ ತಯಾರು ಮಾಡಲು ಕೂತರೆ ಒಂದು ಅಂಕಣದಲ್ಲಿ ಸಿಕ್ಕಿಹಾಕಿಕೊಂಡೆ. ಎಲ್ಲ ಬಗೆಯವರು ಎಂದು ನಿಯಮ. ಬಗೆಯನ್ನು ಹೇಗೆ ಬರೆಯುವುದು? ಬಣ್ಣ ಎಂದು ಬರೆದು ಹೊಡೆದೆ. ಕುಲ ಎಂದು ಬರೆದು ಹೊಡೆದೆ. ಜನರನ್ನು ಎದುರಿಗೆ ನಿಲ್ಲಿಸಿಕೊಂಡು ನೀವು ಇಷ್ಟು ಕಪ್ಪು ಎಂದು ಬರೆಯಲು ನಾನ್ಯಾರು?

ಇಸ್ತ್ರಿ ಅಕ್ಕನನ್ನೇ ಕೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು, ಕತ್ತನ್ನು ಎಡಕ್ಕೆ ವಾಲಿಸಿ, ಒಂದು ಹುಬ್ಬು ಏರಿಸಿ ನನ್ನನ್ನು ನೋಡಿದಳು. ಯೋಚಿಸುವಾಗೆಲ್ಲ ಅವಳು ಹೀಗೆಯೇ, 'ಏನೀಗ?' ಎನ್ನುವ ಹಾಗೆ.

"ನಮ್ಮ ಬಣ್ಣ ನಾವೇ ಹೇಳ್ತೀವಿ ಬಿಡಿ ಮೇಡಂ. ನೀವು ಬರೀರಿ ಅಷ್ಟೆ."

ಮಾರ್ಚ್ 22, ಶುಕ್ರವಾರ

ಎಲ್ಲಿಂದ ಶುರು ಮಾಡಲಿ!

ಏಳು ಗಂಟೆಗೆ ಹಜಾರ ಗಿಜಿಗುಟ್ಟುತ್ತಿತ್ತು. ಪಾಳಿ ಮುಗಿದ ದಾದಿಯರೂ ಮನೆಗೆ ಹೋಗದೆ ನಿಂತಿದ್ದರು. ದೊಡ್ಡ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಂಪನಿಯವನೂ ಬಂದಿದ್ದ. ಪಾಪ, ಬೂಟಿನ ಮೇಲೆ ಅವನಿಗೊಂದು ಮುಖವೂ ಇದೆ, ಬೆವರಿದ ಎಳೆಯ ಮುಖ. ಪರೀಕ್ಷೆಗೆಂದು ಯಂತ್ರ ಪ್ರತಿಸಲವೂ ಗಟ್ಟಿಯಾಗಿ ಹೆಸರು ಹೇಳುವಂತೆ ಹೊಂದಿಸಿದ್ದ. ಇವರು ತಾನೂ ಸ್ಟುಡಿಯೊದಿಂದ ದೀಪ ತರುತ್ತೇನೆ ಎಂದಿದ್ದರು. ಖರೀದಿ ಅಧಿಕಾರಿಯ ಸಂಬಂಧಿಕರು ಪರೀಕ್ಷೆಯಲ್ಲಿ ಕೈ ಹಾಕುವಂತಿಲ್ಲ ಎಂದು ಖಡಾಖಂಡಿತ ಹೇಳಿದ್ದೆ. ಅದಕ್ಕೆ ಹೊರಗೆ ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿದ್ದರು.

ನಾನು ಮೇಜಿನ ಮುಂದೆ ಪಟ್ಟಿ ಹಿಡಿದು ಕೂತೆ. ಒಬ್ಬೊಬ್ಬರೇ ಬಂದು ಮೊದಲು ತಮ್ಮ ಬಣ್ಣ ಹೇಳಬೇಕು. ಮೊದಲು ಬಂದ ಅಡುಗೆಮನೆಯ ಹಿರಿಯ, ಹುಬ್ಬೆಲ್ಲ ನರೆತವನು, ಗಂಟಲು ಸರಿಮಾಡಿಕೊಂಡು, "ತಳ ಹಿಡಿದ ಪಾತ್ರೆ" ಎಂದ. ಹಜಾರ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಪೈಪೋಟಿ ಶುರುವಾಯಿತು. "ಹಾಲು ಮರೆತ ಕಾಫಿ." "ಮಳೆ ಬಿದ್ದ ಹೊಲದ ಮಣ್ಣು." "ನಮ್ಮಜ್ಜಿ ಬೀರು, ಪಾಲಿಶ್ ಹಾಕಿದ್ದು." ಕಾವಲುಗಾರ ತನ್ನ ಕಣ್ಣಿನ ಸುದ್ದಿಯನ್ನೇ ಎತ್ತಲಿಲ್ಲ, "ಮಾಗಿದ ಗೋಧಿ" ಎಂದ. ಲೆಕ್ಕದ ವಿಭಾಗದವರು ಹಿಂದೆ ಬೀಳುತ್ತಾರೆಯೇ? ಅಲ್ಲಿನ ಗುಮಾಸ್ತೆ ಕೆನ್ನೆ ಮುಟ್ಟಿಕೊಂಡು, "ಬೇಯದ ಹಿಟ್ಟು ಅಂತ ಬರ್ಕೊಳ್ಳಿ" ಎಂದಳು. ನಾನು ಒಂದೊಂದೇ ಬರೆದುಕೊಂಡೆ, ಬರೆಯುವ ಮೊದಲು ತಲೆಯೆತ್ತಿ ನೋಡಿ ತಾಳೆ ಮಾಡಿಕೊಂಡೆ. ಬಹುತೇಕ ಎಲ್ಲರೂ ಸರಿಯಾಗಿಯೇ ಹೇಳಿದ್ದರು. ಇಸ್ತ್ರಿ ಅಕ್ಕ ಮಾತ್ರ "ಇಸ್ತ್ರಿಪೆಟ್ಟಿಗೆ ತಳ" ಎಂದಳು, ನಾನು ಒಪ್ಪಲಿಲ್ಲ. ಅವಳ ಬಣ್ಣದಲ್ಲಿ ಒಂದು ಕೆಂಪು ಛಾಯೆ ಇದೆ, ಕಿಟಕಿಯ ಬೆಳಕು ಬಿದ್ದಾಗ ಗಲ್ಲದೆಲುಬಿನ ಮೇಲೆ ಕಾಣುತ್ತದೆ. "ಸರಿ, ಬಿಸಿಯಾಗಿರೋ ಇಸ್ತ್ರಿಪೆಟ್ಟಿಗೆ" ಎಂದಳು. ಅದನ್ನು ಬರೆದುಕೊಂಡೆ.

ಫಲಿತಾಂಶ ಹೀಗಿದೆ. ಕಚೇರಿಯ ನಲವತ್ತು ಜನರಲ್ಲಿ ನಲವತ್ತೂ ಸರಿ. ಬೆಳಗಿನ ಪಾಳಿಯ ಐವತ್ತೆರಡು ಜನರಲ್ಲಿ ಸರಿಯಾಗಿ ಗುರುತಿಸಿದ್ದು ಹತ್ತೊಂಬತ್ತು. ಹನ್ನೊಂದು ಜನರನ್ನು ಇನ್ನಾರೋ ಎಂದಿತು. ಇಪ್ಪತ್ತೆರಡು ಜನ ಅದಕ್ಕೆ ಇಲ್ಲವೇ ಇಲ್ಲ. ಇವರಲ್ಲದೆ ಗುಡ್ಡದ ಕಡೆಯ ಹದಿನಾಲ್ಕು ಜನರಲ್ಲಿ ಆರು ಮಂದಿಗೆ ಕಣ್ಣು ತೆರೆಯಲು ಹೇಳಿತು. ಓದುವಾಗ ನಗು ನಿಂತಿತು. ಸಂಖ್ಯೆಗಳಾಗಿ ಕೇಳಿದಾಗ ಎಲ್ಲರಿಗೂ ನಾಟಿತು ಎಂದು ಕಾಣುತ್ತದೆ. ಸೋಪು ತಂಗಿಯ ಕಣ್ಣಲ್ಲಿ ನೀರಿತ್ತು.

ದೊಡ್ಡ ಸಾಹೇಬರು ಎದ್ದರು. "ಸಣ್ಣಪುಟ್ಟ ದೋಷ ಇದೆ, ಒಪ್ತೀನಿ. ಆದ್ರೆ ಯಂತ್ರ ಯಂತ್ರಾನೇ, ಅದಕ್ಕೆ ಯಾರ ಮೇಲೂ ದ್ವೇಷ ಇಲ್ಲ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಯಂತ್ರದ ಮುಂದೆ ನಿಂತಿದ್ದ ಸೋಪು ತಂಗಿ ಬಿಚ್ಚಿದ ಲೇಸು ಕಟ್ಟಿಕೊಳ್ಳಲು ಬಗ್ಗಿದಳು. ಅವಳ ಹಿಂದೆ ಇದ್ದದ್ದು ಪುಣ್ಯಾತ್ಮರ ಅಮೃತಶಿಲೆಯ ತಲೆ. ಹಸಿರು ದೀಪ ಹತ್ತಿತು. ಯಂತ್ರ ತುಂಬು ಗೌರವದಿಂದ ದೊಡ್ಡ ಸಾಹೇಬರ ಹೆಸರು ಹೇಳಿ, "ಸ್ವಾಗತ" ಎಂದಿತು.

ಹಜಾರದಲ್ಲಿ ಎದ್ದ ನಗು ಮೂರನೆಯ ಮಹಡಿಯ ರೋಗಿಗಳಿಗೂ ಕೇಳಿಸಿತಂತೆ. "ಸತ್ತು ಅರವತ್ತು ವರ್ಷ ಆದೋರಿಗೆ ಹಾಜರಿ ಇದೆ, ನಂಗಿಲ್ವಲ್ಲಪ್ಪಾ!" ಎಂದು ಇಸ್ತ್ರಿ ಅಕ್ಕ ಕಲ್ಲಿನ ತಲೆಯ ಕೆನ್ನೆ ತಟ್ಟಿದಳು. ಕಿಟಕಿಯ ಆಚೆ ಇವರು ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಿದ್ದರು. ದೊಡ್ಡ ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಅದರ ಅಂಚುಗಳು ಅದುರಿದವು, ಆಮೇಲೆ ಅವರೂ ನಕ್ಕರು. ಅವರಿಗೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇದೆ. ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಮಾರ್ಚ್ 23, ಶನಿವಾರ

ನಕ್ಕ ಮಾತ್ರಕ್ಕೆ ಸಾಹೇಬರು ಬದಲಾಗುತ್ತಾರೆಯೇ? ಬೆಳಿಗ್ಗೆ ಕರೆಸಿ, ಯಂತ್ರವನ್ನು ಬೇಕಾದರೆ ರಿಪೇರಿಗೆ ಕಳಿಸೋಣ, ಆದರೆ ಈವರೆಗಿನ ಹಾಜರಿ ಹಾಜರಿಯೇ, ತಿದ್ದಲು ನಿಯಮವಿಲ್ಲ ಎಂದರು. ಅಕ್ಕನ ಗೈರುಹಾಜರಿ ಹಾಗೇ ಉಳಿಯುತ್ತದಲ್ಲ!

ನನ್ನ ಬಳಿ ಎರಡು ಸಂಗತಿಗಳಿದ್ದವು. ಮೊದಲನೆಯದನ್ನು ಹೇಳಿದೆ. "ಸರ್, ಪ್ರಮಾಣಪತ್ರ ಬರೆಯೋವರೆಗೆ ಯಂತ್ರ ಕಂಪನಿಯದು, ನಮ್ಮದಲ್ಲ. ನಮ್ಮದಲ್ಲದ ವಸ್ತು ಬರ್ಕೊಂಡಿದ್ದು ನಮ್ಮ ಹಾಜರಿ ಹೇಗಾಗುತ್ತೆ?" ಅವರು ಗಲ್ಲ ಕೆರೆದುಕೊಂಡರು, ಒಪ್ಪಲಿಲ್ಲ.

ಎರಡನೆಯದು ಅವರದೇ ಹಾಜರಿಯ ಹಾಳೆ. ಮೇಜಿನ ಮೇಲೆ ಮೆಲ್ಲನೆ ಇಟ್ಟೆ. ಫೆಬ್ರವರಿ ಒಂದರಿಂದ ಒಂದು ದಿನವೂ ಬಿಡದೆ, ಭಾನುವಾರವೂ ಸೇರಿ, ಬೆಳಿಗ್ಗೆ ಸರಿಯಾಗಿ ಆರು ಗಂಟೆಗೆ ದೊಡ್ಡ ಸಾಹೇಬರು ಹಾಜರ್. ಆರಕ್ಕೆ ಹಜಾರದ ದೀಪ ಹಾಕುತ್ತಾರೆ, ಆಗ ಯಂತ್ರಕ್ಕೆ ಮೊದಲು ಕಾಣುವುದು ಆ ಕಲ್ಲಿನ ತಲೆ. ಸಾಹೇಬರು ಹತ್ತೂವರೆಗೆ ಮೊದಲು ಬಂದದ್ದನ್ನು ನಾನಂತೂ ಕಂಡಿಲ್ಲ.

"ಪ್ರಾಮಾಣಿಕ ನೌಕರ ಅಂತ ಬಹುಮಾನ ಕೊಡ್ಬಹುದು ನಂಗೆ" ಎಂದರು.

"ಕೊಡ್ಬಹುದು ಸರ್. ಆದ್ರೆ ಫೆಬ್ರವರಿಯಲ್ಲಿ ಮೂರು ದಿನ ನೀವು ಪ್ರವಾಸದಲ್ಲಿದ್ರಿ. ಪ್ರವಾಸ ಭತ್ಯೆ ತಗೊಂಡಿದ್ದೀರಿ. ಅದೇ ದಿನಗಳಲ್ಲಿ ಇಲ್ಲೂ ಹಾಜರಿದ್ದೀರಿ. ಲೆಕ್ಕಪರಿಶೋಧಕರು ಎರಡನ್ನೂ ಪಕ್ಕಪಕ್ಕ ಇಟ್ರೆ..."

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಈ ಹಾಜರಿ ಹಾಜರಿಯೇ ಅಲ್ಲ!" ಎಂದು ಮೇಜು ಗುದ್ದಿದರು. "ನಮ್ಮದಲ್ಲದ ವಸ್ತು ಬರೆದ ಹಾಜರಿ ಅದು ಹೇಗ್ರೀ ಹಾಜರಿ ಆಗುತ್ತೆ? ಬರೀರಿ ಟಿಪ್ಪಣಿ!"

ಬರೆದೆ. ಫೆಬ್ರವರಿ ಒಂದರಿಂದ ಹಾಜರಿಯನ್ನು ಲಾಂಡ್ರಿಯ ಬಟ್ಟೆ ಪುಸ್ತಕ, ಅಡುಗೆಮನೆಯ ಪಾಳಿ ಪುಸ್ತಕ, ಕಾವಲಿನ ದಾಖಲೆಗಳಿಂದ ಹೊಸದಾಗಿ ಬರೆಯತಕ್ಕದ್ದು. ಬಟ್ಟೆ ಪುಸ್ತಕದಲ್ಲಿ ಪ್ರತಿದಿನವೂ ಬಾಲವಿರುವ ಸಹಿ ಇದೆ, ಯಂತ್ರ ಗೈರು ಎಂದ ದಿನಗಳಲ್ಲೂ ಇದೆ. ನಾನೇ ಎಣಿಸಿದೆ.

ಮಾರ್ಚ್ 26, ಮಂಗಳವಾರ

ಬಡಗಿಯನ್ನು ಕರೆಸಿ ಕೌಂಟರಿನ ಮಂಜುಗಾಜು ತೆಗೆಸಿದೆ. ವಿಶೇಷವೇನಿಲ್ಲ, ಗಾಜಿನಲ್ಲಿ ಧೂಳು ಕೂರುತ್ತಿತ್ತು.

ಮಾರ್ಚ್ 30, ಶನಿವಾರ

ಪಟ್ಟಿ ಹೋಯಿತು. ಇಸ್ತ್ರಿ ಅಕ್ಕ ಏಳನೆಯ ಹೆಸರು.

ಯಂತ್ರವೂ ಹೋಯಿತು. ಪ್ರಮಾಣಪತ್ರದಲ್ಲಿ 'ಅತೃಪ್ತಿಕರ' ಎಂದು ಬರೆದು, ಮುಂದಿನ ಟೆಂಡರಿಗೆ ಹೊಸ ಷರತ್ತು ಸೇರಿಸಿದೆ: ನಿಖರತೆಯ ಅಂಕಿಯನ್ನು ಒಟ್ಟಾರೆ ಕೊಟ್ಟರೆ ಸಾಲದು, ಬಗೆ ಬಗೆಯ ಮುಖಗಳಿಗೆ ಬೇರೆ ಬೇರೆಯಾಗಿ ಕೊಡತಕ್ಕದ್ದು, ಅತಿ ಕಡಿಮೆ ಇರುವ ಅಂಕಿಯನ್ನೇ ಯಂತ್ರದ ಅಂಕಿ ಎಂದು ತಿಳಿಯತಕ್ಕದ್ದು. ಕಂಪನಿಯವನು ಪೆಟ್ಟಿಗೆ ಕಟ್ಟುತ್ತಾ, "ನಿಮ್ಮ ಬಣ್ಣದ ಪಟ್ಟಿಯ ಪ್ರತಿ ಸಿಗುತ್ತಾ ಮೇಡಂ? ನಮ್ಮಲ್ಲಿ ಇಂಥದ್ದು ಯಾರೂ ಮಾಡಿಲ್ಲ" ಎಂದ. ಅರ್ಜಿ ಹಾಕಿ ಎಂದೆ. ಹಾಕಿದ, ಅಲ್ಲೇ ನಿಂತು.

ಏಪ್ರಿಲ್ 12, ಶುಕ್ರವಾರ

ಬಂತು! ಬಂತು! ಕಾಯಂ ಆದೇಶ ಬಂತು!

ಲಾಂಡ್ರಿಯವರು ನನ್ನನ್ನು ಬಟ್ಟೆ ಸಾಗಿಸುವ ಗಾಡಿಯಲ್ಲಿ ಕೂರಿಸಿ ಕಾರಿಡಾರಿನ ಉದ್ದಕ್ಕೂ ತಳ್ಳಿದರು. ಆಸ್ಪತ್ರೆಯ ಆಸ್ತಿಯನ್ನು ಹೀಗೆ ಬಳಸುವುದು ನಿಯಮಬಾಹಿರ. ಎರಡು ಸುತ್ತು ಹಾಕಿದೆವು.

ಏಪ್ರಿಲ್ 16, ಮಂಗಳವಾರ

ಕಾಯಂ ಆದವರ ಗುರುತಿನ ಚೀಟಿಗೆ ಫೋಟೊ ಬೇಕು. ಸಂಜೆ ಇಸ್ತ್ರಿ ಅಕ್ಕ ಇವರ ಸ್ಟುಡಿಯೊಗೆ ಬಂದಳು, ಜೊತೆಗೆ ಸೋಪು ತಂಗಿಯೂ. ಸಂಬಂಧಿಕರ ಅಂಗಡಿಗೆ ನಾನು ಕಳಿಸಿದೆ ಎಂದಾಗಬಾರದಲ್ಲ, ಅವರಾಗಿಯೇ ಬಂದದ್ದು ಎಂದು ಇಲ್ಲಿ ದಾಖಲಿಸುತ್ತೇನೆ.

ಇವರು ಅರ್ಧ ಗಂಟೆ ದೀಪಗಳನ್ನು ಎಳೆದಾಡಿದರು. ಒಂದನ್ನು ಪಕ್ಕಕ್ಕೆ ಇಟ್ಟು, ಬಿಳಿ ಬಟ್ಟೆಯಿಂದ ಬೆಳಕನ್ನು ಹೊರಳಿಸಿ, ಅಕ್ಕನ ಗಲ್ಲದ ಮೇಲೆ ಮೆತ್ತಗೆ ಬೀಳಿಸಿದರು. ಫೋಟೊ ತೆರೆಯ ಮೇಲೆ ಮೂಡಿದಾಗ ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. ಆಮೇಲೆ, "ನಾನು ಇಷ್ಟು ಚೆನ್ನಾಗಿದ್ದೀನಾ?" ಎಂದಳು. ನನಗೆ ಕಣ್ಣು ತುಂಬಿ ಬಂತು. ಹೌದು ಎಂದೆ.

ಅವಳು ಚೀಲದಿಂದ ಒಂದು ಹಳೆಯ ಫೋಟೊ ತೆಗೆದಳು. ಶಾಲೆಯ ಐದನೆಯ ತರಗತಿಯದು, ಅವಳ ಬಳಿ ಇರುವ ಬಾಲ್ಯದ ಒಂದೇ ಫೋಟೊ. ಮುಂದಿನ ಸಾಲಿನ ಮಕ್ಕಳು ಸ್ಪಷ್ಟವಾಗಿ ಬಂದಿದ್ದಾರೆ. ಹಿಂದಿನ ಸಾಲಿನಲ್ಲಿ ನಿಲ್ಲಿಸಿದ ಎಂಟು ಹತ್ತು ಮಕ್ಕಳ ಮುಖ ಬರೀ ಕಪ್ಪು ಮಸಿ. ಕಾಲರು ಕಾಣುತ್ತದೆ, ಹಲ್ಲು ಕಾಣುತ್ತದೆ, ಬೇರೇನಿಲ್ಲ. "ನನ್ನ ಮಕ್ಕಳಿಗೂ ನಾನು ಯಾರು ಅಂತ ಗೊತ್ತಾಗಲ್ಲ ಇದ್ರಲ್ಲಿ. ನಮ್ಮಮ್ಮನೇ ಎರಡು ಸಲ ತಪ್ಪು ಮಗೂನ ತೋರಿಸಿದ್ಲು" ಎಂದು ನಕ್ಕಳು.

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎಡಗಡೆಯಿಂದ ನಾಲ್ಕನೆಯವಳ ಮೇಲೆ ಬೆರಳಿಟ್ಟೆ. "ಇದು ನೀವು."

ಅಕ್ಕ ಬಾಯಿ ತೆರೆದುಕೊಂಡೇ ನಿಂತಳು. ಫೋಟೊ ನೋಡಿದಳು, ನನ್ನನ್ನು ನೋಡಿದಳು. "ಹೇಗೆ ಗೊತ್ತಾಯ್ತು ಮೇಡಂ?"

ಎಂಥ ಪ್ರಶ್ನೆ ಕೇಳುತ್ತಾಳೆ! ಕತ್ತು ಎಡಕ್ಕೆ ವಾಲಿಸಿ, ಕ್ಯಾಮೆರಾಗೇ 'ಏನೀಗ?' ಎನ್ನುವಂತೆ ನಿಂತಿದ್ದಾಳೆ. ಮುಖ ನೋಡಿದರೆ ಯಾರೆಂದು ಗೊತ್ತಾಗದೇ ಇರುತ್ತದೆಯೇ?

ಇವರು ದೀಪ ಆರಿಸುವುದನ್ನು ಬಿಟ್ಟು, ಅರ್ಧ ಬೆಳೆದ ಮೀಸೆ ತೀಡುತ್ತಾ ನನ್ನನ್ನೇ ನೋಡುತ್ತಿದ್ದರು. ಏನೆಂದು ಕೇಳಿದರೆ ಏನಿಲ್ಲ ಎಂದರು.